ಕಂಡೂ ಕಾಣದವರು

ಮನುಷ್ಯನು ಒಂದು ಊರಿನವನಾಗುವುದು ಅಲ್ಲಿ ವಾಸಿಸುವುದರಿಂದಲೋ, ಅಲ್ಲಿಯವರ ಕಣ್ಣಿಗೆ ಬೀಳುವುದರಿಂದಲೋ? ಚಿತ್ರಕಾರ ಜೇಕಬ್ ಲಾರೆನ್ಸನ ಚಿತ್ರಮಾಲೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳನ್ನು ತೊರೆದು ಉತ್ತರದ ಕಾರ್ಖಾನೆಯ ನಗರಗಳಿಗೆ ಗುಳೆ ಹೋದ ಕರಿಯ ಜನರ ಕಥೆಯನ್ನು ಆತನು 60 ಫಲಕಗಳಲ್ಲಿ ಚಿತ್ರಿಸಿದನು. 1941ರಲ್ಲಿ ಅವು ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದಾಗ ಆತನ ವಯಸ್ಸು 24.

ಮೊದಲ ಫಲಕದಲ್ಲಿ ಷಿಕಾಗೋ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಎಂದು ಬರೆದ ಮೂರು ದ್ವಾರಗಳ ಕಡೆಗೆ ಜನರು ನುಗ್ಗುತ್ತಿದ್ದಾರೆ. ಕೋಟು, ಟೋಪಿಗಳು ಸ್ಪಷ್ಟವಾಗಿವೆ; ಹೆಚ್ಚಿನ ಮುಖಗಳಿಗೆ ಕಣ್ಣುಮೂಗುಗಳಿಲ್ಲ. ಅವರಿಗೆ ಮುಖವಿರಲಿಲ್ಲವೆಂದಲ್ಲ, ಲೋಕವು ಅವರಲ್ಲಿ ಕಂಡುದು ಅಷ್ಟನ್ನೇ ಎಂದು ನನ್ನ ಭಾವನೆ. ಉತ್ತರದಲ್ಲಿ ಕೂಲಿ ದೊರೆಯಿತು, ಮತದ ಹಕ್ಕೂ ದೊರೆಯಿತು. ಇಕ್ಕಟ್ಟಿನ ಮನೆಗಳೂ ಗಲಭೆಗಳೂ ಅಲ್ಲಿಯೇ ಕಾದಿದ್ದವು.

ಅಚ್ಚಿನಲ್ಲಿ ಈ ಚಿತ್ರಗಳನ್ನು ನೋಡುತ್ತ ನನಗೆ ನನ್ನ ತರಗತಿಯು ನೆನಪಾಯಿತು. ಹಿಂದಿನ ಸಾಲಿನ ಬಾಲಕನೊಬ್ಬನ ಹೆಸರನ್ನು ಕರೆದಾಗ ಪಕ್ಕದವನು “ಹಾಜರು” ಎಂದನು. ನಾನು ತಲೆಯೆತ್ತದೆ ಗುರುತು ಹಾಕಿದೆನು. ಮೂರು ದಿನ ಹೀಗೆಯೇ ನಡೆಯಿತು. ನಾಲ್ಕನೆಯ ದಿನ ಅವನ ತಾಯಿ ಬಂದು, ಮಗನು ಜ್ವರದಿಂದ ಮಲಗಿರುವನೆಂದಳು. ನನ್ನ ಪುಸ್ತಕದಲ್ಲಿ ಅವನಿದ್ದನು. ನನ್ನ ಕಣ್ಣಿನಲ್ಲಿ ಇರಲಿಲ್ಲ.

ಹಕ್ಕನ್ನು ಶಾಸನವು ಕೊಡಬಲ್ಲುದು. ಆದರೆ “ಇವನು ನಮ್ಮವನು” ಎಂಬ ಗುರುತನ್ನು ಪಕ್ಕದಲ್ಲಿರುವವರೇ ಕೊಡಬೇಕು. ಮರೆಯಾಗಿ ಉಳಿದವನದಲ್ಲ ಆ ದೋಷ, ನೋಡದೆ ಹೋದವನದು. ಮನಸ್ಸಿನಲ್ಲಿ ದ್ವೇಷವಿರಲಿಲ್ಲವೆಂಬ ಸಮಾಧಾನವು ಇದಕ್ಕೆ ಪರಿಹಾರವಾಗದು. ನನ್ನಲ್ಲಿಯೂ ದ್ವೇಷವಿರಲಿಲ್ಲ, ಅವಸರವಿತ್ತು.

ಈಗ ಹೆಸರು ಕರೆದು ಮುಖ ನೋಡಿ ಗುರುತು ಹಾಕುತ್ತೇನೆ. ಹಾಜರಿಗೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ.