ಆತುರಗಾರನಿಗೆ ಬುದ್ಧಿ ಮಟ್ಟ

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಯನ್ನು ಸಾಮಾನ್ಯವಾಗಿ ದುಡುಕಿ ಕೆಲಸ ಕೆಡಿಸಿಕೊಂಡವರನ್ನು ಹಳಿಯಲು ಬಳಸುತ್ತಾರೆ. ಆತುರದ ಬೆನ್ನಿಗೆ ತಳಮಳ ಇದ್ದೇ ಇರುತ್ತದೆ. ಮನಸ್ಸು ಆ ತಳಮಳಕ್ಕೆ ಸಿಕ್ಕಾಗ ಬುದ್ಧಿ ಮೊಟಕಾಗುತ್ತದೆ ಎಂಬುದು ಗಾದೆಯ ಹುರುಳು. ಇದು ಹೇಗೆ ಆಗುತ್ತದೆ, ಯಾವಾಗ ಆಗುತ್ತದೆ, ಮೊಟಕಾದ ಬುದ್ಧಿ ಮತ್ತೆ ಚೇತರಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಮಿದುಳಿನ ಅಧ್ಯಯನ ಬಹುಮಟ್ಟಿಗೆ ಉತ್ತರ ಕೊಟ್ಟಿದೆ.

ಅಪಾಯದ ಸುಳಿವು ಸಿಕ್ಕ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ. ಸ್ವಲ್ಪ ತಡವಾಗಿ ಅದೇ ಗ್ರಂಥಿಗಳಿಂದ ಕಾರ್ಟಿಸಾಲ್ ಹೊರಟು, ಸುಮಾರು 20ರಿಂದ 30 ನಿಮಿಷಗಳಲ್ಲಿ ಅದರ ಪ್ರಮಾಣ ಗರಿಷ್ಠಕ್ಕೆ ಏರುತ್ತದೆ. ಈ ಬದಲಾವಣೆಗೆ ಮಿದುಳಿನ ಮೂರು ಭಾಗಗಳು ಮುಖ್ಯವಾಗಿ ಒಳಗಾಗುತ್ತವೆ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ತೂಗಿ ನೋಡಿ ನಿರ್ಧರಿಸಲು ಬೇಕು. ಹೊಸ ನೆನಪು ಕಟ್ಟಲು ಹಿಪೊಕ್ಯಾಂಪಸ್ ಬೇಕು. ಅಮಿಗ್ಡಲ ಅಪಾಯವನ್ನು ಗುರುತಿಸುತ್ತದೆ. ಒತ್ತಡ ಹೆಚ್ಚಾದಂತೆ ಮೊದಲನೆಯದರ ಹಿಡಿತ ಸಡಿಲಗೊಂಡು ಅಮಿಗ್ಡಲದ ಕೈ ಮೇಲಾಗುತ್ತದೆ. ಹಾವು ಕಂಡಾಗ ಹಿಂದಕ್ಕೆ ಜಿಗಿಯಲು ಇದೇ ಸರಿ. ಸಾಲಪತ್ರಕ್ಕೆ ಸಹಿ ಹಾಕುವಾಗ ಮಾತ್ರ ಇದರಿಂದ ಅನರ್ಥವೇ ಹೆಚ್ಚು.

ಹಾಗೆಂದು ಒತ್ತಡವೆಲ್ಲ ಕೆಟ್ಟದ್ದಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಷ್ಟದ ಪಾಠವನ್ನು ಇಲಿಗಳು ಬೇಗ ಕಲಿತದ್ದು ಪ್ರಚೋದನೆ ಹದವಾಗಿದ್ದಾಗ. ಮನಸ್ಸನ್ನು ಕಲಕಿದ ಘಟನೆ ಆಳವಾಗಿ ನೆನಪಿನಲ್ಲಿ ಉಳಿಯುವುದೂ ಒತ್ತಡದ ಹಾರ್ಮೋನುಗಳ ನೆರವಿನಿಂದಲೇ. ಆ ನೆನಪಿನಲ್ಲಿ ಘಟನೆಯ ಮುಖ್ಯಾಂಶ ಸ್ಪಷ್ಟವಾಗಿದ್ದರೂ ಸುತ್ತಲಿನ ವಿವರ ಹಲವು ಸಲ ಮಸುಕಾಗಿರುತ್ತದೆ.

ನೆನಪು ಕೂಡಿಡುವುದು ಒಂದು, ಬೇಕಾದಾಗ ಅದನ್ನು ಹೊರತೆಗೆಯುವುದು ಇನ್ನೊಂದು. ಒತ್ತಡ ಹೆಚ್ಚು ಕಾಡುವುದು ಎರಡನೆಯದನ್ನು. ಪರಶುರಾಮನ ಶಾಪದಿಂದ ಕರ್ಣನಿಗೆ ಕಲಿತ ಅಸ್ತ್ರವಿದ್ಯೆ ಬೇಕಾದ ಹೊತ್ತಿಗೇ ಮರೆತ ಕಥೆ ಎಲ್ಲರೂ ಬಲ್ಲದ್ದು. ಪರೀಕ್ಷೆಯ ಕೋಣೆಯಲ್ಲಿ ಓದಿದ್ದೆಲ್ಲ ಮರೆತು ಕೂರುವ ವಿದ್ಯಾರ್ಥಿಯ ಪಾಡೂ ಅಂಥದ್ದೇ. 1998ರಲ್ಲಿ ಡಿ ಕ್ವೆರ್ವೇನ್ ಮತ್ತು ಸಂಗಡಿಗರು ದಾರಿ ಕಲಿತಿದ್ದ ಇಲಿಗಳಿಗೆ, ಪರೀಕ್ಷಿಸುವ 30 ನಿಮಿಷ ಮೊದಲು ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಕಲಿತ ದಾರಿ ಅವಕ್ಕೆ ಹೊಳೆಯಲಿಲ್ಲ. ಆಘಾತ 2 ನಿಮಿಷ ಅಥವಾ 4 ಗಂಟೆ ಮೊದಲು ಆಗಿದ್ದಾಗ ಈ ತೊಡಕು ಕಾಣಲಿಲ್ಲ. ಕಲಿತದ್ದು ಅಳಿದಿರಲಿಲ್ಲ, ಆ ಹೊತ್ತಿಗೆ ಕೈಗೆಟುಕಲಿಲ್ಲ, ಅಷ್ಟೆ.

ದಿನಗಟ್ಟಲೆ ಮುಂದುವರಿದ ಒತ್ತಡದ ಪರಿಣಾಮ ಇನ್ನೂ ಆಳ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಡಲಾಗಿತ್ತು. ಅವುಗಳ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲದ ಕವಲುಗಳು ಬೆಳೆದಿದ್ದವು. 2004ರ ಅಧ್ಯಯನದಲ್ಲಿ 21 ದಿನಗಳ ವಿಶ್ರಾಂತಿಯ ನಂತರ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲದ ಬೆಳವಣಿಗೆ ಮಾತ್ರ ಹಾಗೆಯೇ ಉಳಿದಿತ್ತು. ಸಂಕಟ ಕಳೆದರೂ ಅಂಜಿಕೆ ಬೇಗ ಬಿಡದಿರುವುದಕ್ಕೆ ಇದು ಒಂದು ಕಾರಣವಿರಬಹುದು.

ಚಿಂತೆಯ ಹೊರೆ ಯೋಚನೆಯನ್ನೇ ಕಟ್ಟಿಹಾಕುತ್ತದೆಂಬುದಕ್ಕೆ ತಮಿಳುನಾಡಿನ ಕಬ್ಬು ಬೆಳೆಗಾರರ ನಡುವೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ರೈತರೇ ಕಟಾವಿನ ನಂತರ ಚೆನ್ನಾಗಿ ಉತ್ತರಿಸಿದರು. ಹಣದ ಚಿಂತೆ ಅವರ ಗಮನವನ್ನು ಕಬಳಿಸಿತ್ತೆಂದು ಸಂಶೋಧಕರು ವಿವರಿಸಿದರು.

ಮೊಟಕಾದ ಬುದ್ಧಿ ಮರಳಿ ಬೆಳೆಯುವುದೂ ಉಂಟು. 2009ರ ಅಧ್ಯಯನವೊಂದರಲ್ಲಿ, ಪರೀಕ್ಷೆಗೆ ಸಿದ್ಧರಾಗುತ್ತಿದ್ದ ವೈದ್ಯ ವಿದ್ಯಾರ್ಥಿಗಳಲ್ಲಿ ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಶಕ್ತಿ ಕುಂದಿತ್ತು. ಒತ್ತಡ ತಗ್ಗಿದ ಒಂದು ತಿಂಗಳಲ್ಲಿ ಸರಿಹೋಯಿತು. ಓದಿದ್ದನ್ನೇ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುತ್ತಾ ಕಲಿತವರ ನೆನಪು ಒತ್ತಡಕ್ಕೂ ಜಗ್ಗದೆಂದು 2016ರ ಪ್ರಯೋಗವೊಂದು ತೋರಿಸಿತು. ಸಾಕಷ್ಟು ನಿದ್ದೆ ಮತ್ತು ದೈಹಿಕ ವ್ಯಾಯಾಮ ನೆನಪಿಗೂ ಮನಸ್ಸಿನ ಸಮತೋಲಕ್ಕೂ ಆಧಾರ.

ಹೀಗೆ ನೋಡಿದರೆ ಗಾದೆ ಹೇಳುವುದು ಒಂದು ಹೊತ್ತಿನ ಸ್ಥಿತಿಯನ್ನು. ಅದನ್ನು ಮನುಷ್ಯನ ಯೋಗ್ಯತೆಯ ಅಳತೆಯಾಗಿ ಬಳಸುವುದು ತಪ್ಪು. ತಳಮಳದಲ್ಲಿರುವ ಮಗುವನ್ನು, ಸಾಲಗಾರನನ್ನು, ರೋಗಿಯ ಮನೆಯವರನ್ನು ದಡ್ಡರೆನ್ನುವ ಮೊದಲು ಅವರ ಹೊರೆಯನ್ನು ಇಳಿಸಬೇಕು. ದೊಡ್ಡ ನಿರ್ಧಾರಗಳನ್ನು ಮನಸ್ಸು ತಿಳಿಯಾಗುವವರೆಗೆ ತಡೆದಿಡುವುದೇ ವಿವೇಕ.