ಎಂಜಿನ್ ಬದಲಾದ ಬೋಟು ಮತ್ತು ಕೃತನಾಶದ ಪ್ರಶ್ನೆ

ಭಾಗಗಳು ಬದಲಾಗುತ್ತ ಹೋದರೂ ವಸ್ತುವೊಂದು ಮೊದಲಿನದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ರಥ, ಬಟ್ಟೆ, ಮಡಕೆಗಳನ್ನು ಮುಂದಿಟ್ಟುಕೊಂಡೂ ಗ್ರೀಕರು ಥೀಸಿಯಸನ ಹಡಗನ್ನು ಮುಂದಿಟ್ಟುಕೊಂಡೂ ಚರ್ಚಿಸಿದ್ದಾರೆ. ಪ್ಲುಟಾರ್ಕ್ ದಾಖಲಿಸಿರುವ ಆ ಹಡಗಿನಲ್ಲಿ ಕೊಳೆತ ಹಲಗೆಯ ಜಾಗಕ್ಕೆ ಹೊಸ ಹಲಗೆ ಬರುತ್ತದೆ. ಹಲಗೆಗೂ ಹಲಗೆಗೂ ಹೆಚ್ಚಿನ ಭೇದವಿಲ್ಲದ್ದರಿಂದ ಅಲ್ಲಿ ಎಷ್ಟು ಹೋದ ಮೇಲೆ ಹಡಗು ಬೇರೆಯಾಯಿತು ಎಂಬ ಎಣಿಕೆಯೇ ಮುಖ್ಯವಾಗಿಬಿಡುತ್ತದೆ. ಹಳೆಯ ಮೀನುಗಾರಿಕಾ ಬೋಟಿನಿಂದ ಸವೆದ ಎಂಜಿನನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸ ಅದೇ ಪ್ರಶ್ನೆಯನ್ನು ಇನ್ನಷ್ಟು ಕಠಿಣವಾಗಿ ಎತ್ತುತ್ತದೆ, ಏಕೆಂದರೆ ಇಲ್ಲಿ ಬದಲಾಗುವುದು ಒಂದೇ ಭಾಗವಾದರೂ ಬೋಟಿಗೆ ಚಲನೆ ಕೊಡುವುದು ಅದೇ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ಬೋಟುಗಳ ದೊಡ್ಡ ದುರಸ್ತಿಗೆ ಈ ಬಿಡುವು ಒದಗಿಬರುತ್ತದೆ. ಇನ್‌ಬೋರ್ಡ್ ಎಂಜಿನ್ ಎಂದರೆ ಬೋಟಿನ ಒಡಲೊಳಗೆ ದಪ್ಪ ತೊಲೆಗಳ ಮೇಲೆ ಕೂತು, ಗೇರ್‌ಬಾಕ್ಸ್ ಮತ್ತು ಶಾಫ್ಟಿನ ಮೂಲಕ ನೀರಿನೊಳಗಿನ ಪ್ರೊಪೆಲ್ಲರನ್ನು ತಿರುಗಿಸುವ ಯಂತ್ರ. ಸಿಲಿಂಡರುಗಳು ಸವೆದು ಒತ್ತಡ ಕುಸಿದಾಗಲೋ, ತಂಪಿಗಾಗಿ ಹಾಯಿಸುವ ಉಪ್ಪುನೀರು ಲೋಹವನ್ನು ತಿಂದುಹಾಕಿದಾಗಲೋ ಅದನ್ನು ಬದಲಿಸದೆ ಗತ್ಯಂತರವಿರುವುದಿಲ್ಲ. ಹೊಸ ಎಂಜಿನ್ ಹಳೆಯದರ ಜಾಗದಲ್ಲಿ ಸುಮ್ಮನೆ ಹೋಗಿ ಕೂರುವುದಿಲ್ಲ. ಅದರ ಪಾದಗಳ ಅಂತರ ಬೇರೆಯಾಗಿದ್ದರೆ ತೊಲೆಗಳನ್ನು ತಿದ್ದಬೇಕು. ಅದು ಹೆಚ್ಚು ವೇಗದಲ್ಲಿ ಸುತ್ತುವಂಥದ್ದಾದರೆ ಗೇರಿನ ಅನುಪಾತವನ್ನೂ ಪ್ರೊಪೆಲ್ಲರಿನ ವ್ಯಾಸವನ್ನೂ ಅದರ ರೆಕ್ಕೆಗಳ ಓರೆಯನ್ನೂ ಹೊಂದಿಸಬೇಕು. ತೂಕ ಕಡಿಮೆಯಾದರೆ ಬೋಟು ನೀರಿನಲ್ಲಿ ನಿಲ್ಲುವ ಭಂಗಿಯೇ ಬದಲಾಗುತ್ತದೆ. ಕೊನೆಯದಾಗಿ, ಎಂಜಿನಿನ ಕಡೆಯ ಜೋಡಣೆಯ ಬಿಲ್ಲೆಯೂ (ಫ್ಲ್ಯಾಂಜ್) ಶಾಫ್ಟಿನ ಕಡೆಯ ಬಿಲ್ಲೆಯೂ ಎಲ್ಲ ಸುತ್ತಲೂ ಒಂದೇ ಸಮನಾಗಿ ಕೂಡುವಂತೆ, ನಡುವಿನ ಸಂದನ್ನು ಮಿಲಿಮೀಟರಿನ ನೂರರಲ್ಲಿ ಕೆಲವೇ ಅಂಶಗಳ ಲೆಕ್ಕದಲ್ಲಿ ಅಳೆದು ಸರಿಪಡಿಸಬೇಕು. ಈ ಅಳತೆಯನ್ನು ದಡದಲ್ಲಿ ಮುಗಿಸುವಂತಿಲ್ಲ. ನೀರಿಗಿಳಿದ ಹಳೆಯ ಮರದ ಒಡಲು ತುಸು ಬಾಗುವುದರಿಂದ ಅಂತಿಮ ಹೊಂದಾಣಿಕೆ ಬೋಟು ತೇಲುತ್ತಿರುವಾಗಲೇ ಆಗಬೇಕು.

ಇಷ್ಟು ಬದಲಾದ ಮೇಲೆ ಇದು ಅದೇ ಬೋಟೇ? ನ್ಯಾಯ-ವೈಶೇಷಿಕರ ಪ್ರಕಾರ ಅವಯವಿ, ಅಂದರೆ ಭಾಗಗಳಿಂದ ಹುಟ್ಟಿಯೂ ಭಾಗಗಳ ಮೊತ್ತಕ್ಕಿಂತ ಬೇರೆಯಾದ ಇಡೀ ವಸ್ತು, ತನ್ನ ಅವಯವಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುತ್ತದೆ. ಬಟ್ಟೆಯಿಂದ ಕೆಲವು ನೂಲುಗಳನ್ನು ಕಿತ್ತರೆ ಮೊದಲಿನ ಬಟ್ಟೆ ನಾಶವಾಗಿ ಖಂಡಪಟವೆಂಬ ಬೇರೊಂದು ಬಟ್ಟೆ ಹುಟ್ಟುತ್ತದೆ ಎಂದು ಅವರು ಹಿಂಜರಿಯದೆ ಒಪ್ಪುತ್ತಾರೆ. ಹಾಗಾದರೆ ಎಂಜಿನ್ ಇಳಿದ ಕ್ಷಣದಲ್ಲೇ ಹಳೆಯ ಬೋಟು ಅಳಿದಿರಬೇಕು. ಬೌದ್ಧರ ನಿಲುವು ಇದಕ್ಕಿಂತ ತೀಕ್ಷ್ಣವಾದದ್ದು: ಬೋಟೆಂಬ ಒಂದು ವಸ್ತು ಎಂದೂ ಇರಲಿಲ್ಲ, ಇದ್ದದ್ದು ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವ ಸಂಗತಿಗಳ ಸಂತಾನ, ಅಂದರೆ ಪ್ರವಾಹ, ಮಾತ್ರ. ಈ ಕ್ಷಣಿಕವಾದದ ಮೇಲೆ ಎದುರಾಳಿಗಳು ಹೊರಿಸಿದ ದೋಷಗಳಲ್ಲಿ ಅತ್ಯಂತ ಗಂಭೀರವಾದದ್ದು ಕೃತನಾಶ-ಅಕೃತಾಭ್ಯಾಗಮ: ಮಾಡಿದವನಿಗೆ ಫಲ ತಪ್ಪಿಹೋಗುವುದು, ಮಾಡದವನಿಗೆ ಫಲ ಬಂದೊದಗುವುದು. ಅಸ್ತಿತ್ವದ ಚರ್ಚೆ ಇಲ್ಲಿ ಧರ್ಮದ ಚರ್ಚೆಯಾಗಿ ತಿರುಗುತ್ತದೆ. ಅದರ ತೂಕವೆಲ್ಲ ಇರುವುದೂ ಇಲ್ಲಿಯೇ.

ಹಳೆಯ ಎಂಜಿನ್ ಓಡುತ್ತಿದ್ದ ಕಾಲದಲ್ಲಿ ದುಡಿದ ಕಲಾಸಿಗಳಿಗೆ, ಅಂದರೆ ಬೋಟು ನಡೆಸುವ ತಾಂಡೇಲನ ಕೈಕೆಳಗೆ ಬಲೆ ಎಳೆಯುವ ಆಳುಗಳಿಗೆ, ಸಂಬಳ ಬಾಕಿಯಿದೆ ಎಂದುಕೊಂಡರೆ ಆ ಋಣ ಯಾರ ಮೇಲಿದೆ? ಸಂತಾನವೇ ಕರ್ಮವನ್ನು ಹೊತ್ತೊಯ್ಯುತ್ತದೆ ಎಂಬುದು ಬೌದ್ಧರ ಉತ್ತರ, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇಳಿಸಿದ ಎಂಜಿನನ್ನು ರಿಪೇರಿ ಮಾಡಿ ಬೇರೊಂದು ಬೋಟಿಗೆ ಮಾರಿದರೆ ಪ್ರವಾಹ ಎರಡಾಗಿ ಕವಲೊಡೆಯುತ್ತದೆ. ದೂರದ ಮೀನಿನವರೆಗೆ ಬೋಟನ್ನು ಒಯ್ದ ಶಕ್ತಿ ಒಂದು ಕವಲಿನಲ್ಲಿ, ಆ ದುಡಿಮೆಯನ್ನು ಹೊತ್ತ ಒಡಲು ಇನ್ನೊಂದರಲ್ಲಿ. ಋಣ ಯಾವ ಕವಲನ್ನು ಹಿಡಿದು ಹೋಗಬೇಕೆಂಬುದನ್ನು ಪ್ರವಾಹವೆಂಬ ಕಲ್ಪನೆಯೊಂದೇ ತೀರ್ಮಾನಿಸಲಾರದು.

ಕಾನೂನು ಇಲ್ಲಿ ದಾರ್ಶನಿಕರಿಗಿಂತ ದೃಢವಾಗಿ ನಿಂತಿದೆ. ಭಾರತದ 2017ರ ಅಡ್ಮಿರಾಲ್ಟಿ ಕಾಯ್ದೆಯ ಪ್ರಕಾರ ನಾವಿಕರ ವೇತನದ ಬಾಕಿ ಹಡಗಿನ ಮೇಲೆಯೇ ಕೂರುವ ಹಕ್ಕು, ಮತ್ತು ಆ ಹಕ್ಕು ಮಾಲೀಕತ್ವ ಬದಲಾದರೂ ಅಷ್ಟಕ್ಕೇ ಅಳಿಯುವುದಿಲ್ಲ. ಬ್ರಿಟನ್ನಿನ 1894ರ ಕಾಯ್ದೆಯು ನೋಂದಣಿಯಾದ ಹಡಗಿನ ಅಧಿಕೃತ ಸಂಖ್ಯೆಯನ್ನು ಅದರ ಮುಖ್ಯ ತೊಲೆಯಲ್ಲಿ ಕೊರೆಯಬೇಕೆಂದು ವಿಧಿಸಿದ್ದೂ ಇದೇ ದಿಕ್ಕಿನ ಯೋಚನೆ: ಗುರುತು ಚಲಿಸುವ ಯಂತ್ರದಲ್ಲಿರದೆ ಎಲ್ಲವನ್ನೂ ಹೊರುವ ತೊಲೆಯಲ್ಲಿ ಇರಬೇಕು. ಆದರೆ ಇದಕ್ಕೆ ತದ್ವಿರುದ್ಧವಾಗಿ ಪುರಿಯ ಜಗನ್ನಾಥನ ನವಕಳೇಬರದಲ್ಲಿ, 2015ರಲ್ಲಿ ನಡೆದಂತೆ, ಹೊರಗಿನ ದಾರುವಿಗ್ರಹವೆಲ್ಲ ಬದಲಾಗಿ ಒಳಗಿನ ಬ್ರಹ್ಮಪದಾರ್ಥ ಮಾತ್ರ ಹೊಸ ವಿಗ್ರಹಕ್ಕೆ ಸಾಗುತ್ತದೆ. ಬೋಟಿನಲ್ಲಿ ಒಳಗಿನದು ಹೋಗಿ ಹೊರಗಿನದು ಉಳಿಯುತ್ತದೆ. ಎರಡು ಕಡೆಯೂ ಜನ ಅದೇ ಎಂದೇ ಗುರುತಿಸುತ್ತಾರಾದ್ದರಿಂದ ಅನನ್ಯತೆಯು ಒಳಗಿನ ತಿರುಳಿನಲ್ಲೇ ಇದೆ ಎಂದಾಗಲಿ, ಹೊರಗಿನ ಒಡಲಿನಲ್ಲೇ ಇದೆ ಎಂದಾಗಲಿ ಸಾರ್ವತ್ರಿಕ ನಿಯಮ ಮಾಡಲಾಗದು.

ಉತ್ಪಾದ, ವ್ಯಯ, ಧ್ರೌವ್ಯ, ಅಂದರೆ ಹುಟ್ಟು, ಅಳಿವು, ಸ್ಥಿರತೆ, ಈ ಮೂರೂ ಕೂಡಿದ್ದೇ ಸತ್, ಅಂದರೆ ಇರುವಂಥದ್ದು, ಎಂದು ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ಕನ್ನಡ ನಾಡಿನೊಡನೆ ನಂಟಿರುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವ್ಯಾಖ್ಯಾನಿಸಿದ್ದಾರೆ. ಪರ್ಯಾಯಗಳು, ಅಂದರೆ ಅವಸ್ಥೆಗಳು, ಬದಲಾಗುತ್ತವೆ, ದ್ರವ್ಯ ಉಳಿಯುತ್ತದೆ ಎಂಬ ಈ ಜೈನ ದೃಷ್ಟಿ ಬೋಟಿನ ವಿಷಯದಲ್ಲಿ ಉಳಿದವುಗಳಿಗಿಂತ ಹೆಚ್ಚು ನ್ಯಾಯಯುತವಾಗಿದೆ. ಆದರೆ ಅದಕ್ಕೆ ಒಂದು ಮಾತನ್ನು ಸೇರಿಸಬೇಕಾಗುತ್ತದೆ. ತೇಲುತ್ತಿರುವ ಬೋಟಿನಲ್ಲಿ ಮಿಸ್ತ್ರಿ ಮಾಡುವ ಹೊಂದಾಣಿಕೆಯಿಲ್ಲದೆ ಇಲ್ಲಿ ಧ್ರೌವ್ಯವೇ ಇರಲಾರದು. ಶಾಫ್ಟ್ ಓರೆಯಾದ ಬೋಟು ನಡುಗಿ, ಬೇರಿಂಗುಗಳನ್ನು ಅರೆದು, ಕೊನೆಗೆ ಸಮುದ್ರಕ್ಕೆ ಹೋಗಲಾರದಾಗುತ್ತದೆ. ಸ್ಥಿರತೆ ವಸ್ತುವಿನೊಳಗೆ ಮೊದಲೇ ಇರುವ ಸಂಪತ್ತಾಗಿರದೆ, ಪ್ರತಿ ಬದಲಾವಣೆಯಲ್ಲೂ ಯಾರೋ ದುಡಿದು ಉಳಿಸಿಕೊಡಬೇಕಾದದ್ದು, ಮತ್ತು ಹಿಂದಿನ ಋಣವನ್ನು ಒಪ್ಪಿಕೊಳ್ಳುವುದೂ ಆ ದುಡಿಮೆಯ ಭಾಗವೇ. ಆದ್ದರಿಂದ ಎಂಜಿನ್ ಬದಲಾದ ಬೋಟು ಅದೇ ಬೋಟು, ಮತ್ತು ಹಳೆಯ ಎಂಜಿನ್ ಓಡಿದ ದಿನಗಳ ಸಂಬಳಕ್ಕೆ ಅದು ಇಂದಿಗೂ ಬಾಧ್ಯವಾಗಿದೆ.