ದೋಣಿಯ ಧರ್ಮ

ದೋಣಿಯನ್ನು ತೇಲಲೆಂದೇ ಕಟ್ಟುವರು, ಹಾರಲೆಂದು ಕಟ್ಟುವುದಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ, ಇದು ಮಕ್ಕಳ ಪ್ರಶ್ನೆಯೆಂದು ವಾಚಕರು ನಕ್ಕಾರು. ಆದರೆ ವಸ್ತುವಿನ ಹಿರಿಮೆಯನ್ನು ಯಾವುದರಿಂದ ಅಳೆಯಬೇಕು, ಮಿತಿಯೆಂಬುದು ದೋಷವೋ ಗುಣವೋ, ಮನುಷ್ಯನಿಗೂ ಇಂತಹ ಮಿತಿಯುಂಟೋ ಎಂಬ ಗಹನವಾದ ವಿಚಾರಗಳು ಇದರಲ್ಲಿ ಅಡಗಿರುವುದರಿಂದ, ಸ್ವಲ್ಪ ಪರ್ಯಾಲೋಚಿಸುವುದು ಅಯುಕ್ತವಾಗಲಾರದು.

ಮೊದಲು ಪ್ರಕೃತಿನಿಯಮವನ್ನು ನೋಡೋಣ. ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ಸರಿಸುವುದೆಂದು ಗ್ರೀಕ್ ಪಂಡಿತನಾದ ಆರ್ಕಿಮಿಡೀಸನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ಒಂದು ಘನ ಮೀಟರು ನೀರು ಸುಮಾರು 1000 ಕಿಲೋಗ್ರಾಂ ತೂಗುವುದು; ಅಷ್ಟೇ ಗಾತ್ರದ ಗಾಳಿ ಸುಮಾರು 1.2 ಕಿಲೋಗ್ರಾಂ ಮಾತ್ರ. ಆದಕಾರಣ ನೀರು ಅನಾಯಾಸವಾಗಿ ಹೊರುವ ಭಾರವನ್ನು ಗಾಳಿಯು ಹೊರಬೇಕಾದರೆ ಎಂಟುನೂರು ಪಾಲಿಗೂ ಮಿಗಿಲಾದ ಗಾತ್ರದ ಬೆಲೂನು ಬೇಕು; ಇಲ್ಲವೆ ರೆಕ್ಕೆಯೂ, ಯಂತ್ರವೂ, ಕ್ಷಣಕ್ಷಣಕ್ಕೂ ಉರಿಯುವ ಇಂಧನವೂ ಬೇಕು. ಅಂಬಿಗನು ಹುಟ್ಟನ್ನು ಮಡಿಲಲ್ಲಿಟ್ಟು ವಿಶ್ರಮಿಸಿದಾಗಲೂ ಹೊಳೆಯು ಅವನನ್ನು ಹೊತ್ತಿರುವುದು. ಆಕಾಶದಲ್ಲಿ ಆ ವಿಶ್ರಾಂತಿಯು ಸುಲಭವಲ್ಲ.

ತುಂಗಭದ್ರೆಯ ಹರಿಗೋಲನ್ನೇ ತೆಗೆದುಕೊಳ್ಳಿರಿ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇವುಗಳನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಾದ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಮಂದಿಯನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವ ಶಕ್ತಿ. ಇವು ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಸಾಗುವುವೆಂಬುದನ್ನೂ ಅವನು ಗಮನಿಸಿದ್ದನು. ಹಡಗಿನ ಅಳತೆಗೋಲಿನಿಂದ ಅಳೆದರೆ ಇದೊಂದು ಕೊರತೆಯೇ ಸರಿ. ಆದರೆ ಬಂಡೆಗಳು ಇಡಿಕಿರಿದ ಹೊಳೆಗೆ ಆಳವಿಲ್ಲದ ತಳವೂ ಹಗುರವಾದ ಮೈಯೂ ಎಷ್ಟು ಉಚಿತವೆಂಬುದನ್ನು ಹಂಪೆಯ ಬಳಿ ನದಿಯನ್ನು ಕಂಡವರು ಬಲ್ಲರು.

ಪ್ರಯೋಜನವನ್ನು ಮರೆತು ವೈಭವಕ್ಕೆ ಕೈಚಾಚಿದ ನೌಕೆಯ ಗತಿಯನ್ನೂ ಚರಿತ್ರೆಯು ಬರೆದಿಟ್ಟಿದೆ. ಸ್ವೀಡನ್ ದೇಶದ ದೊರೆ ಗುಸ್ಟಾವಸ್ ಅಡಾಲ್ಫಸನು ಕಟ್ಟಿಸಿದ ‘ವಾಸಾ’ ಎಂಬ ಯುದ್ಧನೌಕೆಗೆ 64 ಫಿರಂಗಿಗಳೂ ಲೆಕ್ಕವಿಲ್ಲದ ಕೆತ್ತನೆಯ ಬೊಂಬೆಗಳೂ ಇದ್ದುವು. ಮೇಲಿನ ಭಾರವನ್ನು ತಾಳುವ ಸ್ಥಿರತೆ ಮಾತ್ರ ಇರಲಿಲ್ಲ. ಹೊರಡುವ ಮೊದಲೇ ಮೂವತ್ತು ಮಂದಿ ನಾವಿಕರನ್ನು ಅತ್ತಿಂದಿತ್ತ ಓಡಿಸಿ ಪರೀಕ್ಷಿಸಿದಾಗ ಅದು ಅಪಾಯಕರವಾಗಿ ತೂಗಾಡಿತು. ಆದರೂ ಪ್ರಯಾಣವನ್ನು ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. 1628ನೆಯ ಆಗಸ್ಟ್ 10ರಂದು ಸ್ಟಾಕ್‌ಹೋಮಿನಲ್ಲಿ ಸುಮಾರು 1300 ಮೀಟರು ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ, ಆ ನೌಕೆಯು ಮುಳುಗಿತು.

ಹಾಗಾದರೆ ಪ್ರತಿಯೊಬ್ಬನೂ ತಾನು ಹುಟ್ಟಿದ ನೆಲೆಯಲ್ಲಿಯೇ ತೇಲಿಕೊಂಡಿರಲಿ, ಹಾರಲೆಳಸುವುದು ಅಧರ್ಮವೆಂದು ಇದರಿಂದ ಕೆಲವರು ಸಿದ್ಧಾಂತ ಮಾಡಿಯಾರು. ಎಚ್ಚರಿಕೆ ಬೇಕಾದುದು ಇಲ್ಲಿಯೇ. ಇಂತಹ ಉಪಮಾನಗಳ ಬಲದಿಂದಲೇ ನಮ್ಮ ಸಮಾಜವು ಕೆಲವರಿಗೆ ಅಕ್ಷರವನ್ನೂ ಕೆಲವರಿಗೆ ಕೆರೆಯ ನೀರನ್ನೂ ನಿಷೇಧಿಸಿತು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಓದು ಕಲಿಸಹೊರಟ ಸಾವಿತ್ರೀಬಾಯಿ ಫುಲೆಯವರ ಮೇಲೆ ಕೆಸರು ಸಗಣಿಗಳನ್ನು ಎರಚಿದವರೂ ಧರ್ಮದ ಹೆಸರನ್ನೇ ಹೇಳುತ್ತಿದ್ದರು. ದೋಣಿಗಾದರೋ ಕಟ್ಟಿದವನುಂಟು, ಅವನ ಉದ್ದೇಶವೇ ಅದರ ಧರ್ಮ. ಮನುಷ್ಯನನ್ನು ತನ್ನ ಉಪಯೋಗಕ್ಕೆಂದು ಕಟ್ಟಿದ ಮತ್ತೊಬ್ಬ ಮನುಷ್ಯನಿಲ್ಲ. ಈಶ್ವರನೇ ಕಟ್ಟಿದನೆಂದರೂ, ಆತನ ಉದ್ದೇಶವನ್ನು ನೆರೆಯವನ ಬಾಯಿಂದ ತಿಳಿಯಬೇಕಾಗಿಲ್ಲ. ಆದುದರಿಂದ ‘ನೀನು ದೋಣಿ, ಹಾರಬೇಡ’ ಎಂದು ಪರರಿಗೆ ವಿಧಿಸುವ ಅಧಿಕಾರವು ಯಾರಿಗೂ ಸಲ್ಲದು.

ಅಷ್ಟುಮಾತ್ರಕ್ಕೆ ದೋಣಿಯ ಪಾಠವು ವ್ಯರ್ಥವಲ್ಲ. ಅದನ್ನು ತನಗೆ ತಾನೇ ಹೇಳಿಕೊಳ್ಳಬೇಕು. ಯಾವ ಹೊಳೆಯನ್ನು ದಾಟಿಸಬೇಕೆಂಬುದನ್ನು ಸ್ವತಂತ್ರವಾಗಿ ಆರಿಸಿಕೊಂಡವನು ಆ ಹೊಳೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳಬೇಕು. ಉಪಾಧ್ಯಾಯನು ಸಭೆಗಳ ಕೀರ್ತಿಗೆ ಹಂಬಲಿಸಿ ತರಗತಿಯ ಹಿಂದಿನ ಸಾಲಿನ ಮಗುವನ್ನು ಮರೆತರೆ, ಎಷ್ಟು ಹಾರಗಳು ಬಿದ್ದರೂ ಮೇಲಿನ ಭಾರವಷ್ಟೇ ಹೆಚ್ಚಿದಂತಾಯಿತು. ಕತ್ತಲಾಗುವ ಹೊತ್ತಿಗೆ ದಡದಲ್ಲಿ ಕಾದಿರುವವರು ದೋಣಿಗೆ ರೆಕ್ಕೆಯುಂಟೇ ಎಂದು ಕೇಳುವುದಿಲ್ಲ. ತಮ್ಮನ್ನು ಆಚೆಗೆ ಮುಟ್ಟಿಸುವುದೇ ಎಂದು ಕೇಳುವರು.